ಮೇಷ್ಟ್ರ ತಲೆಸುತ್ತು ಮತ್ತು ಇಪ್ಪತ್ತೆರಡು ತಿರುವುಗಳು

ಹದಿನೆಂಟು ವರ್ಷಗಳ ಹಿಂದೆ, ಮದುವೆಯಾದ ಒಂಬತ್ತನೆಯ ದಿನ, ಮೇಷ್ಟ್ರು ಹೆಂಡತಿಗೆ ಒಂದು ಮಾತು ಕೊಟ್ಟಿದ್ದರು. ಹೊಸ ಮೋಟರ್ ಸೈಕಲ್ಲಿನ ಸೀಟಿಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿರಲಿಲ್ಲ. ಅದರ ಮೇಲೆ ಅಂಗೈ ಊರಿ ಹೇಳಿದ್ದರು:

"ಇದೇ ಗಾಡಿ ಮೇಲೆ ನಿನ್ನನ್ನ ಘಟ್ಟದ ತುದಿಗೆ ಕರ್ಕೊಂಡು ಹೋಗ್ತೀನಿ. ನಾವಿಬ್ಬರೇ. ಮೂರನೆಯವರಿಗೆ ಜಾಗವೇ ಇಲ್ಲ."

ಆಮೇಲೆ ಸಂಸಾರ ಶುರುವಾಯಿತು. ಒಂದು ವರ್ಷ ಹೆಂಡತಿಗೆ ವಾಂತಿ, ಮರುವರ್ಷ ಮಗುವಿಗೆ ಭೇದಿ. ಒಂದು ಬೇಸಿಗೆಯಲ್ಲಿ ದೊಡ್ಡವಳಿಗೆ ಹಲ್ಲು ಬಂತು, ಇನ್ನೊಂದು ಬೇಸಿಗೆಯಲ್ಲಿ ಚಿಕ್ಕವನ ಹಲ್ಲು ಬಿತ್ತು. ಎರಡು ಸಲ ಚೀಲ ಕಟ್ಟಿ ಬಾಗಿಲವರೆಗೆ ಬಂದದ್ದೂ ಉಂಟು. ಎರಡು ಸಲವೂ ಮೇಷ್ಟ್ರ ತಂಗಿ ಮಕ್ಕಳು ಮರಿ ಸಮೇತ ಬಾಗಿಲಲ್ಲೇ ನಿಂತು, "ಎಲ್ಲಿಗೋ ಹೊರಟ ಹಾಗಿದೆ, ನಡೀರಿ ನಾವೂ ಬರ್ತೀವಿ" ಎಂದಿದ್ದಳು. ಘಟ್ಟ ಎಲ್ಲಿಗೂ ಓಡಿಹೋಗಲಿಲ್ಲ, ಪಾಪ. ಗಾಡಿಗೆ ಮಾತ್ರ ವಯಸ್ಸಾಯಿತು. ಕೊನೆಗೆ ಅದನ್ನು ಹಾಲಿನವನಿಗೆ ಕೊಡುವುದೆಂದು ಮಾತಾಯಿತು. ಶನಿವಾರ ಬೆಳಗಿನ ಹಾಲಿಗೇ ಗಾಡಿ ಬೇಕೆಂದು ಅವನು ಪಟ್ಟು ಹಿಡಿದ. ಉಳಿದದ್ದು ಶುಕ್ರವಾರವೊಂದೇ.

ಮೇಷ್ಟ್ರ ವಿಷಯ ಎರಡು ಮಾತು ಹೇಳಬೇಕು. ಶಾಲೆಯಲ್ಲಿ ಅವರು ಕಲಿಸುತ್ತಿದ್ದದ್ದು ಗಣಿತ, ಹೆಸರು ಮಾಡಿದ್ದು ಟೈಂಟೇಬಲ್ಲಿನಲ್ಲಿ. ಹನ್ನೊಂದು ತರಗತಿ, ಹದಿನಾರು ಮೇಷ್ಟ್ರುಗಳು, ಒಂದೇ ಪ್ರಯೋಗಶಾಲೆ. ಇಷ್ಟನ್ನೂ ಒಂದು ಹಾಳೆಯಲ್ಲಿ ಕೂರಿಸುವ ವಿದ್ಯೆ ಅವರೊಬ್ಬರಿಗೇ ಗೊತ್ತಿತ್ತು. ಶಾಲೆ ಎರಡು ಬೀದಿ ಆಚೆ, ನಡೆದೇ ಹೋಗುತ್ತಿದ್ದರು. ಗಾಡಿ ವಾರವೆಲ್ಲ ಟಾರ್ಪಾಲಿನ ಕೆಳಗೆ ಮಲಗಿದ್ದು ಭಾನುವಾರ ಮಾತ್ರ ತರಕಾರಿಗೆ ಹೊರಡುತ್ತಿತ್ತು. ಹೊರಡುವ ಮುಂಚೆ ಟ್ಯಾಂಕಿಗೆ ಒಂದು ಕಡ್ಡಿ ಇಳಿಬಿಟ್ಟು ಪೆಟ್ರೋಲು ಅಳೆಯುವುದು ಅವರ ಪದ್ಧತಿ. ಆ ಕಡ್ಡಿಯೇ ಮೂರು ವರ್ಷದಿಂದ ಅವರ ನೆಮ್ಮದಿ ಕೆಡಿಸಿತ್ತು. ಹೋದ ಭಾನುವಾರ ನಾಲ್ಕು ಬೆರಳಿದ್ದದ್ದು ಈ ಭಾನುವಾರ ಎರಡೂವರೆ ಬೆರಳು! ನಿಂತ ಗಾಡಿ ಕುಡಿಯುವುದುಂಟೆ? ಮೇಷ್ಟ್ರು ಬಹಳ ಲೆಕ್ಕ ಹಾಕಿ ಕಳ್ಳನನ್ನು ಕಂಡುಹಿಡಿದಿದ್ದರು: ಎದುರುಮನೆಯ ನಿವೃತ್ತ ಕಾಂಪೌಂಡರು. ಪುರಾವೆಯೇನೆಂದರೆ, ಆ ಮನುಷ್ಯ ಮಧ್ಯಾಹ್ನವೆಲ್ಲ ಇವರ ಗೇಟಿನ ಕಡೆ ನೋಡುತ್ತ ಕೂರುತ್ತಿದ್ದರು. ಅಂದಿನಿಂದ ಎರಡೂ ಮನೆಗೆ ಮಾತಿಲ್ಲ.

ಇನ್ನು ರಜೆ. ಹೆಡ್‌ಮಾಸ್ಟ್ರು ಸೋಮವಾರವೇ ಗುಡುಗಿದ್ದರು: "ಪರೀಕ್ಷೆ ತಿಂಗಳಲ್ಲಿ ಪ್ರವಾಸ ಅಂತ ಯಾರ ಬಾಯಲ್ಲಾದ್ರೂ ಬಂದ್ರೆ, ನೋಟಿಸ್ ಕೊಡ್ತೀನಿ! ಶುಕ್ರವಾರ ನಾನೇ ಇರಲ್ಲ, ಮೇಲಿನ ಕಚೇರಿಯಲ್ಲಿ ಸಭೆ. ನಾನಿಲ್ಲದಾಗ ನೀವೆಲ್ಲ ಇರಬೇಕು."

ಮೇಷ್ಟ್ರು ಅರ್ಜಿ ಬರೆದರು. 'ನನ್ನ ಹೆಂಡತಿಗೆ ಸೊಂಟ ಹಿಡಿದುಕೊಂಡಿದ್ದು, ಕೂರಲಾಗಲಿ ನಿಲ್ಲಲಾಗಲಿ ಆಗದ ಕಾರಣ, ಮಲಗಿಸಿಕೊಂಡೇ ಆಸ್ಪತ್ರೆಗೆ ಕರೆದೊಯ್ಯಬೇಕಾಗಿರುವುದರಿಂದ...' ಎಂದು. ಯಾವುದಕ್ಕೂ ಇರಲೆಂದು ಒಂದು ನಕಲು ತೆಗೆದು ಜೇಬಿನಲ್ಲಿಟ್ಟುಕೊಂಡರು.

ಅತ್ತ ಹೆಂಡತಿಯದೂ ಅದೇ ಪಾಡು. ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮಷಿನ್ನು. ಶುಕ್ರವಾರ ಬಟ್ಟೆ ಕೊಡುತ್ತೇನೆಂದು ಆರು ಜನಕ್ಕೆ ಹೇಳಿಯಾಗಿತ್ತು. ಸುತ್ತಾಡಲು ಹೋಗುತ್ತೇನೆಂದರೆ ಅವರು ಮಷಿನ್ನನ್ನೇ ಹೊತ್ತುಕೊಂಡು ಹೋಗುವ ಪೈಕಿ. "ನಮ್ಮನೆಯವರಿಗೆ ತಲೆಸುತ್ತು ಕಣ್ರೀ," ಎಂದಳು ಸೂಜಿಗೆ ದಾರ ಪೋಣಿಸುತ್ತ. "ಕೂತಲ್ಲೇ ಮನೆ ಗಿರಗಿರ ತಿರುಗತ್ತಂತೆ. ಶುಕ್ರವಾರ ದೊಡ್ಡಾಸ್ಪತ್ರೆಗೆ ತೋರಿಸಬೇಕು."

ಹೀಗೆ ಗಂಡ ಹೆಂಡತಿ ಒಬ್ಬರಿಗೊಬ್ಬರು ಹೇಳದೆಯೇ ಒಬ್ಬರಿಗೊಬ್ಬರು ರೋಗ ಹಂಚಿದ್ದರು. ಇಷ್ಟು ಹೊಂದಾಣಿಕೆಯ ದಾಂಪತ್ಯ ಅಪರೂಪ.

ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ ಮೇಷ್ಟ್ರು ಗಾಡಿ ಒದೆಯಲು ಶುರು ಮಾಡಿದರು. ಅದು ಹನ್ನೊಂದನೆಯ ಒದೆತಕ್ಕೆ ಏಳುವ ಗಾಡಿ, ಹತ್ತಕ್ಕೆ ಎದ್ದದ್ದಿಲ್ಲ. ಮಕ್ಕಳನ್ನು ಹಿಂದಿನ ದಿನವೇ ತಂಗಿಯ ಮನೆಗೆ ಸಾಗಿಸಿದ್ದರು. ಎದುರುಮನೆಯ ಜಗುಲಿಯಲ್ಲಿ ಕಾಂಪೌಂಡರು ಪೇಪರು ಹಿಡಿದು ಕೂತಿದ್ದರು.

"ಮತ್ತೆ ಒಂದು ಬೆರಳು ಕಮ್ಮಿ!" ಎಂದರು ಮೇಷ್ಟ್ರು ಬೀದಿಗೆಲ್ಲ ಕೇಳುವಂತೆ. "ಕೆಲವರಿಗೆ ವಯಸ್ಸಾದ್ರೂ ಬುದ್ಧಿ ಬರಲ್ಲ."

ಕಾಂಪೌಂಡರು ಪೇಪರಿನ ಪುಟ ತಿರುವಿದರು. ಹೆಂಡತಿ ಬಗ್ಗಿ, ಕಟ್ಟಿದ ಚೀಲವನ್ನೇ ಇನ್ನೊಮ್ಮೆ ಕಟ್ಟಿದಳು.

ಮೇಷ್ಟ್ರ ಜೇಬಿನಲ್ಲಿ ಅರ್ಜಿಯ ಜೊತೆ ಟೈಂಟೇಬಲ್ಲೂ ಇತ್ತು. ಏಳು ಗಂಟೆ, ನಿರ್ಗಮನ. ಎಂಟೂ ನಲವತ್ತು, ಚಹಾ, ಹನ್ನೆರಡು ನಿಮಿಷ. ಹತ್ತೂ ಹತ್ತು, ಪ್ರಕೃತಿ ವೀಕ್ಷಣೆ, ಏಳು ನಿಮಿಷ. ಹನ್ನೆರಡು ಗಂಟೆ, ಘಟ್ಟದ ತುದಿ. ತುದಿಯ ಗೇಟನ್ನು ನಾಲ್ಕಕ್ಕೆ ಮುಚ್ಚುತ್ತಾರೆ. ಮಂಜು ಇಳಿದ ಮೇಲೆ ಯಾರನ್ನೂ ಬಿಡುವುದಿಲ್ಲ. ಮೇಷ್ಟ್ರ ಪ್ರಕಾರ ನಾಲ್ಕು ಗಂಟೆಯ ಬಿಡುವಿತ್ತು. ಟೈಂಟೇಬಲ್ಲಿನಲ್ಲಿ ಪಂಚರಿಗೆ ಪಿರಿಯಡ್ಡು ಕೊಟ್ಟಿರಲಿಲ್ಲ. ಎರಡು ಪಂಚರಾದವು. ಘಟ್ಟದ ಬುಡ ಸೇರುವಾಗ ಎರಡು ಗಂಟೆ.

ಅಷ್ಟರಲ್ಲಿ ಊರಿನಲ್ಲಿ ಏನಾಗಿತ್ತೆಂದರೆ, ಬಟ್ಟೆಗೆ ಕಾದಿದ್ದ ಆ ಆರು ಜನರಲ್ಲಿ ಒಬ್ಬಾಕೆ ಬೆಳಿಗ್ಗೆ ಕಸ ಚೆಲ್ಲಲು ಹೊರಗೆ ಬಂದವಳು ಮೇಷ್ಟ್ರು ಗಾಡಿಯ ಮೇಲೆ ಹೋಗುವುದನ್ನು ಕಣ್ಣಾರೆ ಕಂಡಳು. ದೊಡ್ಡಾಸ್ಪತ್ರೆ ಎಡಕ್ಕೆ, ಇವರು ಬಲಕ್ಕೆ, ಘಟ್ಟದ ಕಡೆಗೆ. ಆಕೆಯ ಗಂಡ ಘಟ್ಟದ ಬಸ್ಸಿನ ಡ್ರೈವರು. ಅವನು ಈ ಸುದ್ದಿಯನ್ನು ಮೇಲಿನ ಬಸ್‌ಸ್ಟ್ಯಾಂಡಿನ ಕಂಟ್ರೋಲರಿಗೆ ಮುಟ್ಟಿಸಿದ. ಆ ಕಂಟ್ರೋಲರು ಮೇಷ್ಟ್ರ ಹೆಂಡತಿಯ ಸ್ವಂತ ತಮ್ಮ. ಕೂತಲ್ಲೇ ತಲೆ ತಿರುಗುವ ಭಾವ, ಇಪ್ಪತ್ತೆರಡು ತಿರುವಿನ ಘಟ್ಟ, ಹಿಂದಿನ ಸೀಟಿನಲ್ಲಿ ಒಡಹುಟ್ಟಿದ ಅಕ್ಕ! ಅವನು ಅಕ್ಕನ ಫೋನಿಗೆ ಹದಿನಾಲ್ಕು ಸಲ ಕರೆ ಮಾಡಿದ. ಅದು ಚೀಲದೊಳಗೆ ಟವೆಲ್ಲಿನ ನಡುವೆ ನಿದ್ದೆ ಮಾಡುತ್ತಿತ್ತು. ಆಮೇಲೆ ಘಟ್ಟದಲ್ಲಿರುವ ಎಲ್ಲ ಬಸ್ಸಿನವರಿಗೂ ಚೆಕ್‌ಪೋಸ್ಟಿಗೂ ಹುಕುಂ ಕಳಿಸಿದ: ಹಸಿರು ಟ್ಯಾಂಕಿನ ಹಳೇ ಗಾಡಿ ಕಂಡರೆ ಬಿಡಬೇಡಿ.

ಮೂರನೆಯ ತಿರುವಿನಲ್ಲಿ ಇಳಿಯುತ್ತಿದ್ದ ಬಸ್ಸೊಂದು ಪಕ್ಕದಲ್ಲೇ ನಿಂತಿತು. ಡ್ರೈವರು ಕಿಟಕಿಯಿಂದ ತಲೆ ಹಾಕಿ, "ಮೇಷ್ಟ್ರೇ, ತಲೆ ಹೇಗಿದೆ?" ಎಂದ.

ಮೇಷ್ಟ್ರು ಹೊಸ ಹೆಲ್ಮೆಟ್ಟನ್ನು ತಟ್ಟಿ, "ಗಟ್ಟಿಯಾಗಿದೆ!" ಎಂದರು. ಮುಂದೆ ಹೋಗಿ ಹೆಂಡತಿಗೆ, "ನೋಡಿದ್ಯಾ, ಘಟ್ಟದ ಜನ ಎಷ್ಟು ಒಳ್ಳೆಯವರು. ಹೆಲ್ಮೆಟ್ಟಿನ ಯೋಗಕ್ಷೇಮ ಕೂಡ ವಿಚಾರಿಸ್ತಾರೆ," ಎಂದರು.

ಐದನೆಯ ತಿರುವಿನಲ್ಲಿ ಎರಡನೆಯ ಬಸ್ಸು. ಕಂಡಕ್ಟರು ಫುಟ್‌ಬೋರ್ಡಿನಿಂದ ಜೋತುಬಿದ್ದು, "ಎಡಗಡೆ ನೋಡ್ಬೇಡಿ ಸಾರ್! ಪ್ರಪಾತ ಇದೆ! ನನ್ನ ಮುಖ ನೋಡಿ!" ಎಂದು ಕೂಗಿದ. ಅವನ ಮುಖ ನೋಡಲು ಹೋಗಿ ಮೇಷ್ಟ್ರು ನಿಜಕ್ಕೂ ಪ್ರಪಾತದ ಕಡೆಗೆ ಎರಡು ಮಾರು ಸರಿದರು. ಬಸ್ಸಿನೊಳಗಿಂದ 'ಅಯ್ಯಯ್ಯೋ' ಎಂದು ಒಂದೇ ಉಸಿರಿನಲ್ಲಿ ಐವತ್ತು ಜನ ಕೂಗಿದರು. ಯಾರೋ ಮಹಾತಾಯಿ ಕಿಟಕಿಯಿಂದ ನಿಂಬೆಹಣ್ಣು ಎಸೆದಳು; ಅದು ಹೆಲ್ಮೆಟ್ಟಿಗೆ ಟಣ್ಣೆಂದು ಬಡಿಯಿತು. "ಮೂಸಿ ನೋಡ್ಕೊಳ್ಳಪ್ಪಾ, ನಿಲ್ಲತ್ತೆ!"

ಏಳನೆಯ ತಿರುವಿನಲ್ಲಿ ಮೇಷ್ಟ್ರು ಗಾಡಿ ನಿಲ್ಲಿಸಿದರು.

"ಏನಿದು? ನನ್ನ ತಲೆಯ ಮೇಲೆ ಎಲ್ಲರಿಗೂ ಯಾಕೆ ಕಣ್ಣು?"

ಹೆಂಡತಿ ಪ್ರಕೃತಿ ವೀಕ್ಷಣೆ ಮಾಡುತ್ತ, "ನಿಮಗೆ ತಲೆಸುತ್ತು ಅಂತ ಹೇಳಿದ್ದೆ ರೀ," ಎಂದಳು.

"ನನಗಾ? ನನಗ್ಯಾಕೆ?"

"ಮತ್ತೆ ನನಗಾ? ನಾನು ಮಲಗಿಬಿಟ್ರೆ ನಾಳೆಯಿಂದ ಬಟ್ಟೆ ಕೊಡೋರು ಯಾರು?"

"ಅಲ್ವೇ, ಗಂಡನಿಗೆ ರೋಗ ಕೊಡೋ ಮುಂಚೆ ಒಂದು ಮಾತು ಕೇಳಬಾರದಾ?"

"ನೀವೇನು ರಜಾ ಅರ್ಜಿಯಲ್ಲಿ ಬರೆದಿದ್ದು?"

ಮೇಷ್ಟ್ರು ಕೆಮ್ಮಿದರು. "ಸೊಂಟ."

"ಯಾರ ಸೊಂಟ?"

"ಮನೆಯಲ್ಲಿ ಇನ್ಯಾರ ಸೊಂಟ ಇದೆ? ನಿಂದೇ."

"ಅಂದ್ರೆ, ನಾನು ಕೊಟ್ಟಿದ್ದು ಎರಡು ಮಾತ್ರೆಗೆ ಹೋಗೋ ರೋಗ. ನೀವು ಕೊಟ್ಟಿದ್ದು ಹಾಸಿಗೆ ಹಿಡಿಸೋ ರೋಗ. ಇರ್ಲಿ ಬಿಡಿ, ತಿಳ್ಕೋತೀನಿ."

ಯಾವ ರೋಗ ಘನವಾದದ್ದೆಂದು ತೀರ್ಮಾನವಾಗುವ ಮುಂಚೆಯೇ ಇನ್ನೊಂದು ಬಸ್ಸಿನ ಹಾರನ್ನು ಕೇಳಿ ಮೇಷ್ಟ್ರು ಗಾಡಿ ಹೊರಡಿಸಿದರು. ಗಂಟೆ ಎರಡೂವರೆ.

ಒಂಬತ್ತನೆಯ ತಿರುವಿನಲ್ಲಿ ಚೆಕ್‌ಪೋಸ್ಟು. ಅಡ್ಡಕಂಬ ಇಳಿಸಿತ್ತು. ಖಾಕಿ ಸ್ವೆಟರಿನ ಕಾವಲುಗಾರ, ಬೆನ್ನ ಹಿಂದೆ ಮೇಲಕ್ಕೆ ಹೋಗುವ ಬಸ್ಸು, ಬಸ್ಸಿಳಿದು ಮೈ ಮುರಿಯುತ್ತಿದ್ದ ನಲವತ್ತು ಜನ.

"ತಲೆ ತಿರುಗೋ ಮೇಷ್ಟ್ರು ನೀವೇನಾ?"

"ನನಗೆ ತಲೆ ತಿರುಗಲ್ಲ ಕಣಪ್ಪಾ."

"ರೋಗಿ ಮೊದಲು ಹೇಳೋದೇ ಇದು," ಎಂದ ಕಾವಲುಗಾರ ನಲವತ್ತು ಜನರ ಕಡೆ ತಿರುಗಿ. ನಲವತ್ತು ತಲೆಗಳು ಅಲ್ಲಾಡಿದವು. "ಇಳೀರಿ ಸಾರ್. ರಸ್ತೆ ಮಧ್ಯ ಬಿಳೀ ಗೆರೆ ಇದೆಯಲ್ಲ, ಅದರ ಮೇಲೆ ಹತ್ತು ಹೆಜ್ಜೆ ನಡೀರಿ. ನಡೆದ್ರೆ ಬಿಡ್ತೀನಿ."

ಮೇಷ್ಟ್ರು ಆತ್ಮವಿಶ್ವಾಸದಿಂದ ಇಳಿದರು. ಇಷ್ಟು ಹೊತ್ತು ಗಾಡಿಯ ಮೇಲೆ ಕೂತು ಕಾಲೆರಡೂ ಜೋಮು ಹಿಡಿದಿವೆಯೆಂಬುದು ನೆಲ ಮುಟ್ಟಿದ ಮೇಲೆ ಗೊತ್ತಾಯಿತು. ಮೊದಲ ಹೆಜ್ಜೆ ಗೆರೆಯ ಮೇಲೆ. ಎರಡನೆಯದು ಗೆರೆಯಿಂದ ಒಂದು ಅಡಿ ಆಚೆ. ಮೂರನೆಯದು ಒಬ್ಬ ಪ್ರಯಾಣಿಕನ ಪಾದದ ಮೇಲೆ.

"ಗೆರೆಯೇ ಸೊಟ್ಟಗಿದೆಯಲ್ಲಪ್ಪಾ!" ಎಂದರು ಮೇಷ್ಟ್ರು. ನಿಜವೇ, ತಿರುವಿನಲ್ಲಿ ಎಳೆದ ಗೆರೆ ಬಾಗದೆ ಇನ್ನೇನು ಮಾಡೀತು?

"ಕೇಳಿದ್ರಾ? ಗೆರೆ ಸೊಟ್ಟಗೆ ಕಾಣ್ತಿದೆಯಂತೆ!"

ನಲವತ್ತು ಜನ ತ್ಚು ತ್ಚು ಎಂದು ಲೊಚಗುಟ್ಟಿದರು. ಯಾರೋ ನೀರು ಚಿಮುಕಿಸಿದರು. ಇನ್ಯಾರೋ ಷೂ ಬಿಚ್ಚಲು ಹೊರಟರು. ಈ ಗದ್ದಲದಲ್ಲಿ ಮೇಷ್ಟ್ರಿಗೆ ಒಂದು ಉಪಾಯ ಹೊಳೆಯಿತು. ಅವರಿಗೆ ಉಪಾಯ ಹೊಳೆಯುವುದು ಯಾವಾಗಲೂ ಇಂಥ ಹೊತ್ತಿನಲ್ಲೇ. ಜೇಬಿನಿಂದ ಅರ್ಜಿಯ ನಕಲು ತೆಗೆದು, "ನೋಡಿ! ಲಿಖಿತ ದಾಖಲೆ! ರೋಗಿ ನಾನಲ್ಲ, ಇವಳು!" ಎಂದು ಹಿಡಿದರು.

ಕಾವಲುಗಾರ ಗಟ್ಟಿಯಾಗಿ ಓದಿದ. "ಕೂರಲಾಗಲಿ... ನಿಲ್ಲಲಾಗಲಿ... ಮಲಗಿಸಿಕೊಂಡೇ..." ಓದಿ ಮುಗಿಸಿ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಕೂರೋಕೂ ಆಗದ ಹೆಂಗಸನ್ನ ಗಾಡಿ ಮೇಲೆ ಕೂರಿಸ್ಕೊಂಡು ನೂರಿಪ್ಪತ್ತು ಕಿಲೋಮೀಟರ್ ಬಂದಿದ್ದೀರಾ? ಮನುಷ್ಯರೇನ್ರೀ ನೀವು?"

ಲೊಚಗುಟ್ಟುತ್ತಿದ್ದ ನಲವತ್ತು ಜನ ತಟಕ್ಕನೆ ಪಕ್ಷ ಬದಲಿಸಿದರು. ಷೂ ಬಿಚ್ಚುತ್ತಿದ್ದವರು ಕೈ ಬಿಟ್ಟರು. ಹೆಂಡತಿ ಮಾತ್ರ ಗಾಡಿಗೆ ಒರಗಿ, ತುಟಿ ಕಚ್ಚಿಕೊಂಡು ನಿಂತಿದ್ದಳು. ನೋವು ನುಂಗುತ್ತಿದ್ದಾಳೆಂದು ಜನ ತಿಳಿದರು. ಅವಳು ನುಂಗುತ್ತಿದ್ದದ್ದು ನಗು.

ತೀರ್ಪು ಐದು ನಿಮಿಷದಲ್ಲಿ ಬಂತು. ಮೇಷ್ಟ್ರನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸುವುದು. ಅಮ್ಮನವರನ್ನು ಮುಂದಿನ ಸೀಟಿನಲ್ಲಿ ದಿಂಬಿಟ್ಟು ಕೂರಿಸುವುದು. ಗಾಡಿ ಚೆಕ್‌ಪೋಸ್ಟಿನಲ್ಲೇ ಇರುವುದು.

"ನಾಳೆ ಬೆಳಿಗ್ಗೆ ಹಾಲಿನವನಿಗೆ ಗಾಡಿ ಕೊಡ್ಬೇಕು! ತುದಿಗೆ ಇವತ್ತೇ ಹೋಗ್ಬೇಕು, ಇದೇ ಗಾಡಿಯಲ್ಲಿ!" ಎಂದು ಮೇಷ್ಟ್ರು ಕೂಗುತ್ತಿದ್ದರೆ, ಅವರನ್ನು ಹೊತ್ತಿದ್ದ ನಾಲ್ವರಲ್ಲಿ ಒಬ್ಬ, "ಬಡಬಡಿಕೆ ಶುರುವಾಯ್ತು, ಬೇಗ ಹತ್ತಿಸ್ರಪ್ಪಾ," ಎಂದ.

"ಗಾಡಿ ನಾನು ತರ್ತೀನಿ," ಎಂದಳು ಹೆಂಡತಿ.

"ಯಾವುದರ ಮೇಲೆ ಹೇರ್ಕೊಂಡು ತರ್ತೀರಮ್ಮಾ?" ಎಂದ ಕಾವಲುಗಾರ.

ದಿಂಬಿಟ್ಟ ಸೀಟು ಖಾಲಿಯಿದ್ದಂತೆಯೇ ಬಸ್ಸು ಹೊರಟಿತು. ಹಿಂದಿನ ಸೀಟಿನಲ್ಲಿ ಅಂಗಾತ ಮಲಗಿದ್ದ ಮೇಷ್ಟ್ರು ಕತ್ತೆತ್ತಿ ಹಿಂಬದಿಯ ಗಾಜಿನಿಂದ ನೋಡಿದರು. ಹೆಂಡತಿ ಸೆರಗು ಸಿಕ್ಕಿಸಿ ಮೇಷ್ಟ್ರ ಹೆಲ್ಮೆಟ್ಟು ಹಾಕಿಕೊಂಡಳು. ಪೆಟ್ರೋಲಿನ ಕೀಲು ತಿರುವಿದಳು. ಚೋಕನ್ನು ಅರ್ಧ, ಸರಿಯಾಗಿ ಅರ್ಧ, ಎಳೆದಳು. ಒಂದೇ ಒಂದು ಒದೆತ. ಗಾಡಿ ಎದ್ದಿತು.

ಮೇಷ್ಟ್ರ ಕತ್ತು ಅಲ್ಲೇ ನಿಂತಿತು. ಮೂರು ವರ್ಷದ ಪೆಟ್ರೋಲು, ಬೆರಳು ಬೆರಳಾಗಿ, ಅವರ ಕಣ್ಣ ಮುಂದೆ ಹಾದುಹೋಯಿತು. ವಾರವೆಲ್ಲ ಮಧ್ಯಾಹ್ನಗಳು. ಹೊಲಿದ ಬಟ್ಟೆ ಮನೆಮನೆಗೆ ತಲುಪಿಸಬೇಕು. ಅಷ್ಟು ದೂರದ ಗಿರಾಕಿಗಳಿಗೆಲ್ಲ ಇವಳು ನಡೆದೇ ಹೋಗಿಬರುತ್ತಾಳೆ, ಆದರೂ ಕಾಲುನೋವು ಎನ್ನುವುದಿಲ್ಲವಲ್ಲ ಎಂದು ಎಷ್ಟು ಸಲ ಹೆಮ್ಮೆಪಟ್ಟಿದ್ದರು!

"ಏನ್ರೀ ಮೇಷ್ಟ್ರೇ," ಎಂದಿತು ಪಕ್ಕದ ಕಿಟಕಿಯ ಸೀಟಿನಿಂದ ಒಂದು ಪಿಸುದನಿ.

ಕಪ್ಪು ಕನ್ನಡಕ, ಉಣ್ಣೆಯ ಟೊಪ್ಪಿ, ಕೊರಳಲ್ಲಿ ದುರ್ಬೀನು. ಪಕ್ಕದಲ್ಲಿ ಅವರ ಮನೆಯವರು, ಮಡಿಲಲ್ಲಿ ಬಿಸ್ಕತ್ತಿನ ಡಬ್ಬಿ. ಧ್ವನಿ ಮಾತ್ರ ಬದಲಾಗಿರಲಿಲ್ಲ.

"ಸರ್! ನೀವು ಮೇಲಿನ ಕಚೇರಿಯ ಸಭೆಗೆ..."

"ಮೇಲಕ್ಕೇ ಹೋಗ್ತಿದೀನಲ್ರೀ," ಎಂದರು ಹೆಡ್‌ಮಾಸ್ಟ್ರು. "ನಿಮ್ಮ ಅರ್ಜಿ ನೆನಪಿದೆ ನನಗೆ. ಮಲಗಿಸಿಕೊಂಡು ಹೋಗಬೇಕಾದದ್ದು ನಿಮ್ಮ ಮನೆಯವರನ್ನ. ಮಲಗಿರೋದು ನೀವು!"

ಅಷ್ಟರಲ್ಲಿ ಹಿಂದಿನಿಂದ ಹಾರನ್ನು ಕೇಳಿತು. ಹದಿಮೂರನೆಯ ತಿರುವು, ಕಡಿದಾದ ಏರು. ಹಸಿರು ಟ್ಯಾಂಕಿನ ಗಾಡಿ ಬಸ್ಸಿನ ಬಲಕ್ಕೆ ಬಂದು, ಒಂದು ಕ್ಷಣ ಕಿಟಕಿಯ ಸಮಕ್ಕೆ ನಿಂತ ಹಾಗೆ ಮಾಡಿ, ಗೇರು ಬದಲಿಸಿ, ಬುರ್ರೆಂದು ಮುಂದೆ ಹೋಯಿತು. ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು.

ಹೆಡ್‌ಮಾಸ್ಟ್ರು ದುರ್ಬೀನು ಇಳಿಸಿದರು. "ಸೊಂಟದವರಾ?"

"ಹೌದು ಸರ್."

"ಚೆನ್ನಾಗಿ ಓಡಿಸ್ತಾರೆ."

"ನನಗೂ ಈಗಲೇ ಗೊತ್ತಾಗಿದ್ದು ಸರ್."

ನಾಲ್ಕು ತಿರುವು ಕಳೆದವು. ಆಮೇಲೆ ಹೆಡ್‌ಮಾಸ್ಟ್ರು ಒಂದು ಬಿಸ್ಕತ್ತು ಚಾಚಿ, "ನೀವು ನನ್ನನ್ನ ನೋಡಿಲ್ಲ," ಎಂದರು.

"ಎಲ್ಲಿ ಸರ್ ನೋಡೋದು?" ಎಂದರು ಮೇಷ್ಟ್ರು ಬಿಸ್ಕತ್ತು ತೆಗೆದುಕೊಂಡು. "ನನಗೆ ತಲೆಸುತ್ತು. ಗೆರೆಯೇ ಸೊಟ್ಟಗೆ ಕಾಣತ್ತೆ."

ಮೂರೂ ಮುಕ್ಕಾಲಿಗೆ ಬಸ್ಸು ಮೇಲಿನ ಸ್ಟ್ಯಾಂಡು ಸೇರಿತು. ಮೈಕಿನಲ್ಲಿ ಕಂಟ್ರೋಲರ ಗಂಟಲು ಮೊಳಗುತ್ತಿತ್ತು: "ಪ್ರಯಾಣಿಕರು ದಾರಿ ಬಿಡಬೇಕು! ನಮ್ಮ ಭಾವನವರು ಬರ್ತಿದ್ದಾರೆ! ಕೈಗಾಡಿ ಎಲ್ಲಿ? ಕೈಗಾಡಿ ತನ್ರೋ!" ಸಾಮಾನು ಸಾಗಿಸುವ ಕೈಗಾಡಿಗೆ ಕಂಬಳಿ ಹಾಸಿ ಸಿದ್ಧವಿಟ್ಟಿದ್ದರು. ಮೈಕು ಬಿಟ್ಟು ಹೆಂಡತಿಯ ತಮ್ಮ ಓಡಿಬಂದ; ತೊಂಬತ್ತು ಕಿಲೋ ತೂಕದ ಆಳು, ಕಣ್ಣಲ್ಲಿ ನೀರು.

"ಭಾವ! ನಾನು ಯಾರು ಹೇಳಿ ನೋಡೋಣ!"

"ನೀನೊಬ್ಬ ದಡ್ಡ," ಎಂದರು ಮೇಷ್ಟ್ರು.

"ಗುರುತು ಹಿಡಿದ್ರು!" ಎಂದು ಎಲ್ಲರಿಗೂ ಸಾರಿದ ತಮ್ಮ.

ಹೆಂಡತಿ ಸ್ಟ್ಯಾಂಡಿನ ಬಾಗಿಲಲ್ಲಿ ಎಂಜಿನ್ನು ಆರಿಸದೆ ಕಾಯುತ್ತಿದ್ದಳು. ತುದಿಗೆ ಇನ್ನೆರಡು ಕಿಲೋಮೀಟರು. ಗೇಟು ಮುಚ್ಚಲು ಹದಿಮೂರು ನಿಮಿಷ.

"ರೀ, ಹತ್ತಿ."

ಮೇಷ್ಟ್ರು ಕೈಗಾಡಿಯಿಂದ ಹಾರಿ ಓಡಿದರು. ಗಾಡಿಯ ಹ್ಯಾಂಡಲ್ಲಿನ ಕಡೆಗೆ ಹೋದವರು, ಹೆಂಡತಿ ಅಲುಗದೆ ಕೂತದ್ದನ್ನು ನೋಡಿ, ಏನೂ ಆಗದವರಂತೆ ಹಿಂದಕ್ಕೆ ಬಂದು ಕೂತರು. ಹಿಂದಿನ ಸೀಟು ಇಷ್ಟು ಗಟ್ಟಿಯೆಂದು ಹದಿನೆಂಟು ವರ್ಷದಲ್ಲಿ ಅವರಿಗೆ ಮೊದಲ ಸಲ ತಿಳಿಯಿತು.

ಗಾಡಿಗೆ ಅಡ್ಡ ನಿಂತ ತಮ್ಮ. "ಅಕ್ಕ, ನಿನಗೇನು ಹುಚ್ಚಾ? ತಲೆಸುತ್ತಿನವರನ್ನ ಹಿಂದೆ ಕೂರಿಸ್ಕೋತಾರಾ? ಜಾರಿ ಬಿದ್ದರೆ?"

"ಅವರಿಗೆ ಏನೂ ಇಲ್ಲ ಕಣೋ. ಸುಳ್ಳು ಹೇಳಿದ್ದೆ ನಾನು."

"ಗಂಡನ ಮರ್ಯಾದೆ ಉಳಿಸೋಕೆ ಹೇಗೆಲ್ಲ ಹೇಳ್ತೀಯಲ್ಲಕ್ಕ," ಎಂದು ತಮ್ಮ ಕಣ್ಣೊರೆಸಿಕೊಂಡ.

"ದಾರಿ ಬಿಡು. ಗೇಟು ಮುಚ್ಚತ್ತೆ."

"ಬಿಡ್ತೀನಿ. ಆದ್ರೆ ನಿಮ್ಮಿಬ್ಬರನ್ನೇ ಬಿಡಲ್ಲ." ಇಷ್ಟು ಹೇಳಿ ತಮ್ಮ ಕಾಲೆತ್ತಿ ಹಿಂದೆ ಕೂತೇಬಿಟ್ಟ. ಗಾಡಿಯ ಸ್ಪ್ರಿಂಗು ಒಂದು ಸಲ ಅತ್ತಿತು. ಎರಡೂ ತೋಳಿನಿಂದ ಭಾವನ ಸೊಂಟವನ್ನು ಉಡದಂತೆ ಹಿಡಿದು, "ಹೊರಡು ಅಕ್ಕ. ನಾನಿರೋವರೆಗೂ ಭಾವ ಬೀಳಲ್ಲ," ಎಂದ.

"ಇಳಿಯೋ ಮಾರಾಯ!" ಎಂದರು ಮೇಷ್ಟ್ರು. "ಇಬ್ಬರೇ ಹೋಗ್ಬೇಕು! ಹದಿನೆಂಟು ವರ್ಷದಿಂದ..."

"ಬಡಬಡಿಸ್ಬೇಡಿ ಭಾವ. ಕಣ್ಣು ಮುಚ್ಚಿ."

ವಾದಿಸಲು ಹನ್ನೊಂದು ನಿಮಿಷ ಮಾತ್ರ ಉಳಿದಿತ್ತು. ಹೆಂಡತಿ ಗೇರು ಹಾಕಿದಳು.

ಏರಿನಲ್ಲಿ ಮೇಷ್ಟ್ರು ಆಕೆಯ ಕಿವಿಯ ಹತ್ತಿರ ಬಾಗಿ ಕೇಳಿದರು. "ಕಾಂಪೌಂಡರಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಕಲಿಸಿಕೊಟ್ಟಿದ್ದೇ ಅವರು. ನೀವು ಶಾಲೆಯಿಂದ ಬೇಗ ಬಂದ್ರೆ ಗೊತ್ತಾಗಲಿ ಅಂತ ಗೇಟು ಕಾಯ್ತಿದ್ರು."

"ಮೂರು ವರ್ಷ ಬೈದೆನಲ್ಲೇ ಅವರನ್ನ!"

"ಅವರೇನೂ ಬೇಜಾರು ಮಾಡ್ಕೊಂಡಿಲ್ಲ. ನೀವು ಕಡ್ಡಿ ಹಿಡಿದು ನಿಂತಾಗ ಪೇಪರಿನ ಹಿಂದೆ ನಗ್ತಿರ್ತಾರೆ." ಒಂದು ತಿರುವು ದಾಟಿದ ಮೇಲೆ ಆಕೆಯೇ ಅಂದಳು. "ಹಾಲಿನವನಿಗೆ ಹೇಳಿಬಿಡಿ, ಗಾಡಿ ಕೊಡಲ್ಲ ಅಂತ. ಹೊಲಿದ ಬಟ್ಟೆಯೆಲ್ಲ ಹೊತ್ತು ತಿರುಗೋಕಾಗಲ್ಲ. ನನಗೆ ಸೊಂಟ ಬೇರೆ ಹಿಡಿದಿದೆ."

ಮೇಷ್ಟ್ರು ಹೂಂ ಎನ್ನಲು ಬಾಯಿ ತೆರೆದರು. ಹಿಂದಿನಿಂದ ತಮ್ಮ ಇನ್ನಷ್ಟು ಬಿಗಿಯಾಗಿ ಅಪ್ಪಿದ್ದರಿಂದ ಉಸಿರು ಬರುತ್ತಿರಲಿಲ್ಲ.

ತುದಿಯ ಗೇಟಿನವನು ಸರಪಳಿ ಹಾಕುತ್ತಿದ್ದ. "ಪೇಷಂಟ್! ಪೇಷಂಟ್ ಇದ್ದಾರೆ!" ಎಂದು ಬಸ್‌ಸ್ಟ್ಯಾಂಡಿನ ಗಂಟಲಿನಲ್ಲಿ ಅರಚಿದ ತಮ್ಮ. ಘಟ್ಟದ ತುದಿಯಲ್ಲಿ ಪೇಷಂಟಿಗೆ ಏನು ಕೆಲಸವೆಂದು ಯೋಚಿಸುವ ಮುಂಚೆಯೇ ಆ ಬಡಪಾಯಿ ಸರಪಳಿ ಬಿಟ್ಟಿದ್ದ.

ಮೇಲೆ ಕಲ್ಲಿನ ಕಟ್ಟೆ. ಅದರಾಚೆ ಒಂದರ ಹಿಂದೊಂದು ಬೆಟ್ಟಸಾಲು, ತೀರಾ ಕೊನೆಯದು ಇದೆಯೋ ಇಲ್ಲವೋ ಎಂಬಷ್ಟು ತೆಳು ನೀಲಿ. ಕಣಿವೆಯ ಅಡಿಯಿಂದ ಮಂಜು ನಿಧಾನವಾಗಿ ಏಳುತ್ತಿತ್ತು. ಹೆಂಡತಿ ಹೆಲ್ಮೆಟ್ಟು ತೆಗೆದು ಕಟ್ಟೆಯ ಮೇಲಿಟ್ಟಳು. ಮೇಷ್ಟ್ರು ಅವಳ ಎಡಕ್ಕೆ ನಿಂತರು. ಇಬ್ಬರ ನಡುವೆ ತೂರಿದ ತಮ್ಮ, ಒಂದು ಕೈಯಲ್ಲಿ ಭಾವನ ಬೆಲ್ಟು ಹಿಡಿದು, ಇನ್ನೊಂದು ಕೈಯಲ್ಲಿ ಬೆಟ್ಟಗಳ ಹೆಸರು ಹೇಳತೊಡಗಿದ.

ಗಾಡಿ ಅದೇ, ಘಟ್ಟ ಅದೇ. ಗಂಟೆ ಮೂರೂ ಐವತ್ತೆಂಟು. ಬಂದವರು ಇಬ್ಬರಲ್ಲ, ಮೂವರು. ಹದಿನೆಂಟು ವರ್ಷಗಳ ಹಿಂದೆ ಮೇಷ್ಟ್ರು ಹೆಂಡತಿಗೆ ಕೊಟ್ಟ ಮಾತು ಮುರಿಯಿತು.